ಒಂಬತ್ತು ಮನೆಯ ನಾಲ್‌ಬಂದರು

ಇನ್ನೊಬ್ಬರ ಮನೆಯ ಸಂಗತಿ, ಹೇಳುವುದು ತಪ್ಪಾದರೆ ಮನ್ನಿಸಬೇಕು.

1958ರಲ್ಲಿ ಭದ್ರಾವತಿಯ ಅಖ್ತರ್ ಬೀಗೆ ಒಂದೇ ಚಿಂತೆ: ನಿಕಾಹ್‌ಗೆ ಮಗಳ ಒಪ್ಪಿಗೆ ಕೇಳಲು ತೀರಿಹೋದ ಗಂಡನ ಕಡೆಯವರೊಬ್ಬರು ಬೇಕು. ಗೊತ್ತಿದ್ದದ್ದು ನಾಲ್‌ಬಂದ್ ಎಂಬ ಮನೆತನದ ಹೆಸರು ಮಾತ್ರ. ಶಿವಮೊಗ್ಗದ ಮಸೀದಿಯೊಂದರ ಹಳೆಯ ನಿಕಾಹ್ ದಫ್ತರುಗಳನ್ನು ಮೂರು ದಿನ ಓದಿಸಿ, ಆ ಹೆಸರಿನ ಒಂಬತ್ತು ಮನೆ ಹುಡುಕಿ, ಎಲ್ಲರನ್ನೂ ನೆಂಟರೆಂದೇ ಕರೆದು ಬಂದಳು.

ಮದುವೆಯ ದಿನ ಆ ನೆಂಟರಲ್ಲೊಬ್ಬರಾದ ಮುದುಕ ಹಯಾತ್ ಸಾಹೇಬರು ನಕ್ಕರು. “ಅಲ್ಲಮ್ಮಾ, ಕುದುರೆಗೆ ಲಾಳ ಹೊಡೆದೋರೆಲ್ಲ ನಾಲ್‌ಬಂದರೇ! ನಾವು ನಿನಗೇನಾಗ್ಬೇಕು?”

ಅವಳ ಮುಖ ಬಾಡಿತು.

“ಅಳಬೇಡ ಮಾರಾಯ್ತಿ. ಊಟಕ್ಕೆ ಕರೆದವಳು ಕೆಲಸಕ್ಕೂ ಕರಿ. ಹುಡುಗೀನ ನಾನೇ ಕೇಳ್ತೀನಿ.”

ಪರದೆಯ ಹಿಂದಿನಿಂದ ಮಗಳು ಮೆಹರ್ ಬಾನು ಹೂಂ ಎಂದಳು. ಒಂಬತ್ತೂ ಮನೆಯವರು ಹೊಟ್ಟೆತುಂಬ ಉಂಡರು. ಅವರಲ್ಲಿ ನಿಜವಾದ ನೆಂಟರು ಯಾರಾದರೂ ಇದ್ದರೋ ಇಲ್ಲವೋ, ಇಂದಿಗೂ ಗೊತ್ತಿಲ್ಲ.