ಖಾನಾವಳಿಗೆ ಬಂದ ಕೊಟ್ಟಿಗೆ

ನಾನು ಒಂದು ದನದ ಕೊಟ್ಟಿಗೆ. ಇಷ್ಟು ಹೇಳುವಾಗಲೂ ಈಗೀಗ ನನಗೆ ಅನುಮಾನ. ನನ್ನೊಳಗೆ ದನಗಳಿಲ್ಲ, ಮೇಜುಗಳಿವೆ. ಹುಲ್ಲಿನ ವಾಸನೆ ಇದ್ದಲ್ಲಿ ಒಗ್ಗರಣೆಯ ವಾಸನೆ ಬರುತ್ತದೆ. ಆದ್ದರಿಂದ ಹುಟ್ಟಿನಿಂದಲೇ ಶುರುಮಾಡುತ್ತೇನೆ. ಅದಾದರೂ ನನಗೆ ಸರಿಯಾಗಿ ನೆನಪಿದೆ.

ಕಲಘಟಗಿ ಸೀಮೆಯ ಒಂದು ಹಳ್ಳಿಯಲ್ಲಿ ಮಾನಪ್ಪ ಬಡಿಗೇರ ಎಂಬವನು ನನ್ನನ್ನು ಕಟ್ಟಿದ. ಎಂಟು ಸಾಗುವಾನಿ ಕಂಬ, ಅವುಗಳ ಮೇಲೆ ತೊಲೆ, ತೊಲೆಯ ಮೇಲೆ ಹುಲ್ಲಿನ ಅಟ್ಟ, ಎಲ್ಲಕ್ಕೂ ಮೇಲೆ ಹಂಚು. ಕಬ್ಬಿಣದ ಮೊಳೆ ಒಂದೂ ಇಲ್ಲ. ಪ್ರತಿ ಕಂಬದ ತಲೆಯಲ್ಲಿ ಒಂದು ಗೂಟ ಬಿಟ್ಟು ಕೆತ್ತಿದ. ಆ ಗೂಟಕ್ಕೆ ಹೊಂದುವಂತೆ ತೊಲೆಯಲ್ಲಿ ತೂತು ಕೊರೆದ. ಎಲ್ಲವೂ ಕಣ್ಣಂದಾಜು. ಹಾಗಾಗಿ ಒಂದು ಕಂಬದ ಗೂಟ ಇನ್ನೊಂದರ ತೂತಿಗೆ ಹೋಗುವುದಿಲ್ಲ. ನೋಡಲು ಮಾತ್ರ ಎಂಟೂ ಒಂದೇ ತರಹ. ಮುಂದೆ ನನ್ನ ಫಜೀತಿಗೆ ಇದೇ ಕಾರಣವಾಯಿತು.

ಕೊನೆಯ ನಲವತ್ತು ವರ್ಷ ನನ್ನ ಯಜಮಾನಿ ಫಕೀರವ್ವ. ಬೈಯುತ್ತಾ ಹಾಲು ಕರೆಯುವವಳು. ಅವಳ ಬೈಗುಳ ಕೇಳದಿದ್ದರೆ ಎಮ್ಮೆಗಳು ಹಾಲು ಇಳಿಸುತ್ತಿರಲಿಲ್ಲ. ಒಂದು ದಿನ ಹಿತ್ತಲಲ್ಲಿ ಸಿಮೆಂಟಿನ ಹೊಸ ಶೆಡ್ಡು ಎದ್ದಿತು, ಹಾಲು ಕರೆಯುವ ಯಂತ್ರವೂ ಬಂತು. ದನ ಎಮ್ಮೆಗಳೆಲ್ಲ ಸಾಲಾಗಿ ಆ ಕಡೆ ನಡೆದವು. ಒಂದಾದರೂ ತಿರುಗಿ ನೋಡಲಿಲ್ಲ. ನನಗೆ ತುಂಬ ಬೇಜಾರಾಯಿತು.

ಮರ ಕೊಯ್ಯುವ ಸಾಮಿಲ್ಲಿನವರು ಬಂದು ನನ್ನ ಕಂಬಗಳನ್ನು ಬಡಿದು ನೋಡಿ ಹೋದರು. ಆಮೇಲೆ ಬಂದವಳು ಹುಬ್ಬಳ್ಳಿ ರಸ್ತೆಯಲ್ಲಿ ಖಾನಾವಳಿ ನಡೆಸುವ ಸುಶೀಲಕ್ಕ. ಊಟದ ಪಡಸಾಲೆಗೆ ಅವಳಿಗೆ ಹಳೇ ಕಾಲದ ಕಂಬ ತೊಲೆ ಬೇಕಿತ್ತು. ಜೊತೆಗೆ ಮಾನಪ್ಪನ ಮೊಮ್ಮಗ ಕಾಳಪ್ಪ. ಅವನು ಪ್ಲೈವುಡ್ಡಿನ ಕಪಾಟು ಮಾಡಿ ಬದುಕುವವನು; ಅಜ್ಜನ ಕೆಲಸವನ್ನು ಬಿಚ್ಚಿ ಮತ್ತೆ ನಿಲ್ಲಿಸಬೇಕೆಂಬ ಆಸೆ ಅವನಿಗೆ.

ಫಕೀರವ್ವ ಒಂದೇ ಮಾತು ಹೇಳಿದಳು. "ಬಿಚ್ಚಿ ಒಯ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಗರಗಸ ಹಚ್ಚಬ್ಯಾಡ್ರಿ. ಹೆಂಗ ಐತಿ ಹಂಗ ನಿಂದರಬೇಕು."

"ನಿನ್ನ ಆಣಿ ಯವ್ವಾ, ಒಂದ ಚೂರೂ ಕೊಯ್ಯೂದಿಲ್ಲ," ಎಂದ ಕಾಳಪ್ಪ.

ಅವನು ಸೀಮೆಸುಣ್ಣದಿಂದ ಪ್ರತಿ ಕಂಬಕ್ಕೂ ಒಂದು ನಂಬರು ಬರೆದ, ಅದು ಕೂರುವ ತೂತಿನ ಪಕ್ಕದಲ್ಲಿ ಅದೇ ನಂಬರು. ಆಮೇಲೆ ನನ್ನನ್ನು ಕಳಚಿದ. ಕಂಬಗಳು ಒಂದು ಟ್ರ್ಯಾಕ್ಟರಿನಲ್ಲಿ ಹೋದವು, ತೊಲೆಗಳು ಇನ್ನೊಂದರಲ್ಲಿ. ನಾನು ಯಾವುದರಲ್ಲಿ ಹೋದೆ? ಕೇಳಿದರೆ ಇವತ್ತಿಗೂ ಹೇಳಲಾರೆ. ಹಂಚುಗಳು ಬರಲೇ ಇಲ್ಲ. ನೆಲವಂತೂ ಹಳ್ಳಿಯಲ್ಲೇ ಉಳಿಯಿತು. ಅದೂ ನಾನೇ ಅಂದುಕೊಂಡಿದ್ದೆ.

ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಹೆಂಗಸರು ನನ್ನನ್ನು ಕಂಡು ಮೂಗು ಮುಚ್ಚಿಕೊಂಡರು. ಉಣ್ಣುವ ಜಾಗದಲ್ಲಿ ಸಗಣಿ ಮೆತ್ತಿದ ಕಟ್ಟಿಗೆ ನಿಲ್ಲಿಸುವುದುಂಟೇ? ಒಳ್ಳೆಯ ಮನಸ್ಸಿನಿಂದಲೇ, ಕಾಳಪ್ಪ ಇಲ್ಲದ ಹೊತ್ತಿನಲ್ಲಿ, ಸೀಗೆಪುಡಿ ಹಾಕಿ ತೆಂಗಿನ ನಾರಿನಿಂದ ಗಸಗಸ ತಿಕ್ಕಿದರು. ಕಂಬ ತೊಲೆಗಳು ಫಳಫಳ ಹೊಳೆದವು. ನಂಬರು ಒಂದೂ ಉಳಿಯಲಿಲ್ಲ.

ಕಾಳಪ್ಪ ಬಂದು ನೋಡಿ ತಲೆಯ ಮೇಲೆ ಕೈಹೊತ್ತು ಕೂತ. ಮೂರು ದಿನ ಈ ಕಂಬಕ್ಕೆ ಆ ತೂತು, ಆ ಕಂಬಕ್ಕೆ ಈ ತೂತು ಎಂದು ಹೆಣಗಿದ. ನಾನೂ ಸಹಾಯ ಮಾಡಬೇಕೆಂದು ಬಹಳ ಯೋಚಿಸಿದೆ. ನನಗೇ ಏನೂ ಹೊಳೆಯಲಿಲ್ಲ.

"ಶುಕ್ರವಾರ ಪೂಜಾ ಐತಿ, ಊರ ಮಂದಿಗೆಲ್ಲ ಹೇಳೀನಿ," ಎಂದಳು ಸುಶೀಲಕ್ಕ. "ಅಷ್ಟರಾಗ ನಿಂದರಲಿಲ್ಲಂದ್ರ ಕೊಯ್ಸಿ ಬೆಂಚ ಮಾಡಸ್ತೀನಿ ನೋಡಪಾ."

ಹನ್ನೆರಡು ಬೆಂಚಾದರೆ ನಾನು ಒಬ್ಬನಾ, ಹನ್ನೆರಡು ಜನರಾ? ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಯಿತು. ಕಾಳಪ್ಪನಿಗೂ ಕೆಟ್ಟಿರಬೇಕು. ಗರಗಸ ತೆಗೆದು ಒಂದು ಕಂಬದ ಗೂಟವನ್ನು ಸಣ್ಣದು ಮಾಡಿಬಿಟ್ಟ. ಅದು ತೂತಿಗೇನೋ ಹೋಯಿತು, ಆದರೆ ಲೊಡಲೊಡ ಅಲ್ಲಾಡಿತು. ಅವನು ಗರಗಸ ಬಿಸಾಕಿ, ಮೋಟಾರ್ ಸೈಕಲ್ ಹತ್ತಿ, ಫಕೀರವ್ವನನ್ನು ಕರೆತಂದ.

ಅವಳು ನಂಬರು ಕೇಳಲಿಲ್ಲ. ಮಲಗಿಸಿದ್ದ ಕಂಬಗಳ ಮೇಲೆ ಕೈಯಾಡಿಸಿದಳು. "ಇದು ಚಂದ್ರಿದು. ಬಾಗಲದ ಎಡಕ್ಕ ಕಟ್ಟತಿದ್ದೆ. ಯಾವಾಗ್ಲೂ ಹಗ್ಗ ಜಗ್ಗತಿತ್ತು, ಗೀರು ನೋಡು ಎಷ್ಟ ಆಳ ಐತಿ. ಇದು ಕರೇ ಎಮ್ಮಿದು, ಮೂಲ್ಯಾಗಿಂದು. ಕುತಗಿ ತಿಕ್ಕಿ ತಿಕ್ಕಿ ನುಣ್ಣಗ ಮಾಡೇತಿ."

ಅವಳು ಹೇಳಿದ ಜಾಗದಲ್ಲಿ ಕಂಬ ದಡಕ್ಕನೆ ಕೂತಿತು. ನಾನು ಬೆಪ್ಪಾದೆ. ನನ್ನ ಕಂಬಗಳ ಗುರುತು ನನಗೇ ಸಿಕ್ಕಿರಲಿಲ್ಲ. ಒಂದಾದ ಮೇಲೊಂದು ಏಳು ಕಂಬ ಹೇಳಿದಳು. ಎಂಟನೆಯದರ ತಲೆಯ ಹತ್ತಿರ ಅವಳ ಕೈ ನಿಂತಿತು.

"ಇದು ಗಂಗಿದು," ಎಂದಳು. "ಇದಕ್ಯಾಕ ಗರಗಸ ಹಚ್ಚಿದಿ, ಕಾಳಪ್ಪಾ?"

ಅವಳು ಬೈಯುತ್ತಾಳೆಂದು ನಾನು ಕಾದೆ. ಬೈಯಲಿಲ್ಲ. ಕೊಟ್ಟ ನೀರನ್ನೂ ಕುಡಿಯದೆ ಬಸ್ಸಿಗೆ ನಡೆದಳು. ಅವಳು ಬೈಯದೆ ಇದ್ದದ್ದರಿಂದ ನನಗೆ ಗರಗಸಕ್ಕಿಂತ ಹೆಚ್ಚು ನೋವಾಯಿತು.

ಕಾಳಪ್ಪ ಎರಡು ದಿನ ಅದೊಂದೇ ಕೆಲಸ ಹಿಡಿದು ಕೂತ. ಗಂಗಿಯ ಕಂಬದ ಕೆಟ್ಟ ತಲೆಯನ್ನು ತೆಗೆದು, ಗೇಣುದ್ದದ ಹೊಸ ಸಾಗುವಾನಿ ತುಂಡನ್ನು ಅಜ್ಜನ ಹಾಗೆಯೇ ಮೊಳೆಯಿಲ್ಲದೆ ಕೂಡಿಸಿದ. ಶುಕ್ರವಾರ ಬೆಳಿಗ್ಗೆ ನಾನು ಎಂಟೂ ಕಾಲುಗಳ ಮೇಲೆ ನಿಂತಿದ್ದೆ.

ಪೂಜೆಯಾಯಿತು. ಸುಶೀಲಕ್ಕ ಹೇಳಿಕಳಿಸಿದ್ದರಿಂದ ಫಕೀರವ್ವನೂ ಬಂದಳು. ಅವಳು ಬಂದದ್ದು ಕಂಡು ಕಾಳಪ್ಪ ಹೊರಗೆ ಬೇವಿನ ಮರದ ಕೆಳಗೆ ಸರಿದ. ಅವಳು ದೀಪ ನೋಡಲಿಲ್ಲ, ಹೂವು ನೋಡಲಿಲ್ಲ. ನೇರವಾಗಿ ಗಂಗಿಯ ಕಂಬದ ಹತ್ತಿರ ಹೋಗಿ, ಮಂದಿ ಬೇಡ ಬೇಡ ಅನ್ನುತ್ತಿದ್ದರೂ ಕುರ್ಚಿಯ ಮೇಲೆ ಹತ್ತಿ, ಹೊಸದು ಹಳೆಯದು ಕೂಡಿದ ಜಾಗದಲ್ಲಿ ಹೆಬ್ಬೆರಳು ಎಳೆದು ನೋಡಿದಳು. ಕೂದಲೆಳೆಯಷ್ಟೂ ಸಂದಿ ಇರಲಿಲ್ಲ. ಕೆಳಗಿಳಿದು ಊಟಕ್ಕೆ ಕೂತು, ಬಾಗಿಲ ಕಡೆ ಕೂಗಿದಳು.

"ಏ ಕಾಳಪ್ಪಾ, ಕಂಬ ನಿಂತೈತಿ. ನೀ ಯಾಕ ಹೊರಗ ನಿಂತಿ, ಹುಚ್ಚ ಮೂಳ? ಬಾ, ಉಣ್ಣಾಕ ಕುಂದ್ರು."

ಅವನು ಬಂದು ಆ ಕಂಬಕ್ಕೇ ಒರಗಿ ಕೂತ. ಮೊದಲ ತುತ್ತಿಗೇ ಕಣ್ಣು ತುಂಬಿಕೊಂಡಿತು. ಚಟ್ನಿ ಖಾರ ಐತಿ ಎಂದ.

ಈಗ ನನಗೆ ವಯಸ್ಸಾಗಿದೆ. ಜನ ಬರುತ್ತಾರೆ, ಉಣ್ಣುತ್ತಾರೆ, ಮೆಲುಕು ಹಾಕದೆಯೇ ಎದ್ದು ಹೋಗುತ್ತಾರೆ. ಅದು ನನಗಿನ್ನೂ ಅಭ್ಯಾಸವಾಗಿಲ್ಲ. ಆ ಗೇಣುದ್ದದ ತುಂಡು ಒಂದು ದನವನ್ನೂ ಕಂಡದ್ದಲ್ಲ. ಅದನ್ನು ನಾನು ಎನ್ನಬೇಕೋ ಬೇಡವೋ ತಿಳಿಯುತ್ತಿಲ್ಲ. ಆದರೆ ಗಾಳಿ ಜೋರಾಗಿ ಬೀಸಿ ಚಾವಣಿ ಕಿರುಗುಟ್ಟಿದಾಗ ಅದೂ ಹಲ್ಲು ಕಚ್ಚಿ ತೊಲೆಯನ್ನು ಹಿಡಿದುಕೊಳ್ಳುತ್ತದೆ. ಆಗ ಮಾತ್ರ ನಾನು ಈ ಪ್ರಶ್ನೆ ಕೇಳುವುದಿಲ್ಲ.