ಲಾಂಡ್ರಿಯಲ್ಲಿ ಮೂರು ಇಲಿ

ಸಾಕುಪ್ರಾಣಿಗಳ ಅಂಗಡಿಯವನು ಅಷ್ಟು ತಣ್ಣಗೆ ಮಾತಾಡದೇ ಇದ್ದಿದ್ದರೆ ನಾನು ಇಲಿ ಸಾಕುವ ಗೋಜಿಗೇ ಹೋಗುತ್ತಿರಲಿಲ್ಲ. ಗಿರಾಕಿಯೊಬ್ಬರ ಪರದೆಗಳನ್ನು ಇಸ್ತ್ರಿ ಮಾಡಿ ಅವರ ಮನೆಗೆ ಕೊಟ್ಟು ಬರುತ್ತಿದ್ದೆ. ದಾರಿಯಲ್ಲಿ ಆ ಅಂಗಡಿ. ಬಾಗಿಲ ಬಳಿಯೇ ಒಂದು ಗಾಜಿನ ತೊಟ್ಟಿ, ಅದರ ಮೂಲೆಯಲ್ಲಿ ಮೂರು ಇಲಿಮರಿಗಳು ಒಂದರ ಮೇಲೊಂದು ಬಿದ್ದು ಮಲಗಿದ್ದವು. ಎಷ್ಟು ಮುದ್ದಾಗಿವೆ ಎಂದು ಬಾಯಿತಪ್ಪಿ ಅಂದೆ. ಅವನು ಫೋನಿನಿಂದ ತಲೆ ಎತ್ತಲಿಲ್ಲ.

"ಅವು ಸಾಕೋಕಲ್ಲ ಮೇಡಂ, ಹಾವಿಗೆ," ಎಂದ.

ಅಷ್ಟರಲ್ಲಿ ಎಲ್ಲಕ್ಕಿಂತ ಸಣ್ಣದು ಎದ್ದು ಕೂತು ಸೀನಿತು. ಒಂದಲ್ಲ, ಸಾಲಾಗಿ. ಮೂಗಿನ ತುದಿಯಲ್ಲಿ ಕೆಂಪಗೆ ಏನೋ ಅಂಟಿತ್ತು.

"ಅಲ್ಲಪ್ಪ, ಇದಕ್ಕೆ ಹುಷಾರಿಲ್ಲ. ರಕ್ತ ಬರ್ತಿದೆ ನೋಡು."

"ಹಾವಿಗೆ ಅದೆಲ್ಲ ಗೊತ್ತಾಗಲ್ಲ ಮೇಡಂ."

ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಹಾವಿಗೂ ಹೊಟ್ಟೆಯಿದೆ, ಒಪ್ಪಿದೆ. ಆದರೆ ಕಾಯಿಲೆ ಬಿದ್ದ ಜೀವದ ಎದುರು ನಿಂತು ಹಾಗೆ ತಣ್ಣಗೆ ಮಾತಾಡುವ ಮುಖಕ್ಕೆ ಎರಡು ಬಿಗಿಯಬೇಕು ಅನ್ನಿಸಿತು. ಬಿಗಿಯುವ ಬದಲು ಮೂರನ್ನೂ ಕೊಂಡೆ. ಖಾಲಿಯಾಗಿದ್ದ ಪರದೆಯ ಚೀಲದಲ್ಲಿಟ್ಟು ಎದೆಗೆ ಅವಚಿಕೊಂಡು ಮನೆಗೆ ಬಂದೆ.

ಮನೆ ಎಂದರೆ ಲಾಂಡ್ರಿಯೇ. ಮುಂದೆ ಅಂಗಡಿ, ನಡುವೆ ಅಕ್ಕನ ಒಗೆಯುವ ತೊಟ್ಟಿಗಳು, ಹಿಂದೆ ನಾವಿಬ್ಬರೂ ಮಲಗುವ ಕೋಣೆ. ಅಕ್ಕ ಒಗೆಯುತ್ತಾಳೆ, ನಾನು ಇಸ್ತ್ರಿ ಮಾಡುತ್ತೇನೆ. ಅವಳ ತೊಟ್ಟಿಗೆ ನಾನು ಕೈ ಹಾಕುವುದಿಲ್ಲ, ನನ್ನ ಇಸ್ತ್ರಿಪೆಟ್ಟಿಗೆಯನ್ನು ಅವಳು ಮುಟ್ಟುವುದಿಲ್ಲ. ಅಪ್ಪ ಇದ್ದಾಗಿನಿಂದ ಬಂದ ಏರ್ಪಾಡು ಇದು. ಹೀಗಿರುವುದರಿಂದಲೇ ಒಂದೇ ಸೂರಿನಡಿ ಇಬ್ಬರೂ ತಲೆ ಒಡೆದುಕೊಳ್ಳದೆ ಬದುಕಿದ್ದೇವೆ.

ಅಕ್ಕ ಚೀಲದೊಳಗೆ ಇಣುಕಿದಳು.

"ಲಾಂಡ್ರಿಯಲ್ಲಿ ಇಲಿ," ಎಂದಳು. "ಜನ ಬಟ್ಟೆ ಕೊಡೋವಾಗ ಮೊದಲು ಕೇಳೋದೇನು? ಇಲಿಗಿಲಿ ಇಲ್ಲ ತಾನೇ ಅಂತ. ನೀನು ಊರ ಇಲಿಯನ್ನೆಲ್ಲ ದುಡ್ಡು ಕೊಟ್ಟು ತಂದಿದ್ದೀಯ. ತಲೆ ನೆಟ್ಟಗಿದೆಯಾ ನಿಂಗೆ?"

"ಮೂರೇ ಇರೋದು."

"ಓಹೋ, ಮೂರೇನಾ? ಹಾಗಾದ್ರೆ ಬೋರ್ಡ್ ಮೇಲೆ ಬರೆಸೋಣ."

ಅವಳು ಬೈಯುತ್ತಿರುವಾಗಲೇ ಆ ಸಣ್ಣದು ಚೀಲದಿಂದ ಹೊರಬಂದು ಅವಳ ಕೈ ಹತ್ತಿ, ರವಿಕೆಯ ತೋಳಿನೊಳಗೆ ನುಗ್ಗಿ, ಹೆಗಲ ಬಳಿ ಸೀನಿತು. ಅಕ್ಕ ಕಲ್ಲಿನ ಹಾಗೆ ನಿಂತಳು. ಆಮೇಲೆ ಮೆಲ್ಲಗೆ, ಬಟ್ಟೆಯ ಮೇಲಿನಿಂದಲೇ ಅದರ ಬೆನ್ನು ಸವರಿದಳು. "ಇದೇನೇ ಇದು, ಅಂಗಿಯ ಗುಂಡಿಯಷ್ಟಿದೆ," ಎಂದಳು. ಅದಕ್ಕೆ ಗುಂಡಿ ಎಂದೇ ಹೆಸರಾಯಿತು. ಕುತ್ತಿಗೆಗೆ ಬಿಳಿ ಪಟ್ಟಿ ಇದ್ದದ್ದು ಕಾಲರ್, ಎಲ್ಲಿ ಬಿಟ್ಟರೂ ಕತ್ತಲ ಸಂದಿ ಹುಡುಕುತ್ತಿದ್ದದ್ದು ಜೇಬು.

ಅಕ್ಕ ಕಟ್ಟಳೆ ಹಾಕಿದಳು. ಇಲಿಗಳು ಹಿಂದಿನ ಕೋಣೆ ಬಿಟ್ಟು ಬರಕೂಡದು, ಬಾಗಿಲು ಸದಾ ಮುಚ್ಚಿರಬೇಕು, ಗಿರಾಕಿಗಳ ಎದುರು ನಾನು ತುಟಿ ಪಿಟಕ್ಕೆನ್ನಬಾರದು. "ಪಂಜರದಲ್ಲಿ ಹಾಸೋ ಬಟ್ಟೆ ದಿನಾ ನಂಗೆ ಕೊಡು. ಒಗೆಯೋದು ನಾನು ನೋಡ್ಕೋತೀನಿ," ಎಂದಳು. ಹಳೆಯ ಹೊದಿಕೆಗಳನ್ನು ಕತ್ತರಿಸಿ, ಅಂಚು ಹೊಲಿದು, ಚೌಕ ಚೌಕವಾಗಿ ಮಾಡಿಟ್ಟವಳೂ ಅವಳೇ.

ಗುಂಡಿಯ ಸೀನು ಮಾತ್ರ ನಿಲ್ಲಲಿಲ್ಲ. ಅದನ್ನು ಕಿವಿಯ ಹತ್ತಿರ ಹಿಡಿದರೆ ಎದೆಯೊಳಗೆ ಸಣ್ಣಗೆ ಗೊರಗೊರ ಕೇಳುತ್ತಿತ್ತು, ಇಸ್ತ್ರಿಪೆಟ್ಟಿಗೆಯಲ್ಲಿ ನೀರು ತಳ ಹತ್ತಿದಾಗ ಬರುವ ಸದ್ದಿನ ಹಾಗೆ. ಅದನ್ನು ಒಂದು ಡಬ್ಬದಲ್ಲಿಟ್ಟುಕೊಂಡು ಹತ್ತಿರದಲ್ಲಿದ್ದ ಪಶುವೈದ್ಯನ ಬಳಿ ಓಡಿದೆ. ಅವನು ಡಬ್ಬದೊಳಗೆ ನೋಡಿ ಕಂಪೌಂಡರನ ಕಡೆ ಕಣ್ಣು ಹೊಡೆದ.

"ಇಲಿಗೆ ಔಷಧಿ ಬೇಕಾ? ಎದುರಿನ ದಿನಸಿ ಅಂಗಡಿಯಲ್ಲೇ ಸಿಗತ್ತಲ್ಲ. ಒಂದು ಸಲ ತಿಂದ್ರೆ ಮತ್ತೆ ಕಾಯಿಲೆ ಬರಲ್ಲ," ಎಂದ.

ಇಬ್ಬರೂ ನಕ್ಕರು. ಎದುರಿಗೆ ನಾಯಿ ಹಿಡಿದು ಕೂತಿದ್ದ ಮುದುಕನೂ ನಕ್ಕ. "ನಿಮ್ಮನ್ನ ಓದಿಸಿದ ದುಡ್ಡಲ್ಲಿ ನಿಮ್ಮಪ್ಪ ಎಮ್ಮೆ ಸಾಕಬಹುದಿತ್ತು," ಎಂದು ಹೇಳಿ ಎದ್ದು ಬಂದೆ. ಡಬ್ಬದೊಳಗೆ ಗುಂಡಿ ಉಸಿರಿಗಾಗಿ ತಡಕಾಡುತ್ತಿರುವಾಗ ಅವರಿಗೆ ತಮಾಷೆ.

ಊರಿನ ಇನ್ನೊಂದು ತುದಿಯಲ್ಲಿದ್ದ ಡಾಕ್ಟರಮ್ಮ ನಗಲಿಲ್ಲ. ಗುಂಡಿಯನ್ನು ಅಂಗೈಯಲ್ಲಿ ಕೂರಿಸಿಕೊಂಡು ಬಹಳ ಹೊತ್ತು ಕೇಳಿಸಿಕೊಂಡರು. ಮೂಗಿನ ಕೆಂಪು ರಕ್ತವಲ್ಲ, ಕಣ್ಣಿನ ಹಿಂದಿನ ಗ್ರಂಥಿಯಿಂದ ಒಸರುವ ನೀರು, ನಿತ್ರಾಣವಾದಾಗ ಹಾಗೆ ಕಾಣುತ್ತದೆ ಎಂದರು.

"ಈ ರೋಗಾಣು ತಾಯಿಯಿಂದಲೇ ಬಂದಿರತ್ತಮ್ಮ. ಮೂರರಲ್ಲೂ ಇರತ್ತೆ. ಪೂರ್ತಿ ಹೋಗಲ್ಲ, ಅದುಮಿ ಇಡಬಹುದು. ಔಷಧಿ ಒಂದು ಹೊತ್ತೂ ತಪ್ಪಿಸ್ಬೇಡಿ. ಶ್ವಾಸಕೋಶ ಬಹಳ ಸೂಕ್ಷ್ಮ, ಧೂಳು, ಹೊಗೆ, ಸೆಂಟು ಯಾವುದೂ ಹತ್ತಿರ ಸುಳಿಯಬಾರದು."

"ಸೆಂಟು ಹಾಕ್ಕೊಳ್ಳೋ ಶೋಕಿ ನಮ್ಮನೆಯಲ್ಲಿ ಯಾರಿಗೂ ಇಲ್ಲ," ಎಂದೆ. "ನಮ್ಮಷ್ಟು ಚೊಕ್ಕಟ ಬೇರೆ ಎಲ್ಲೂ ಸಿಗಲ್ಲ ಡಾಕ್ಟರೇ. ನಮ್ಮದು ಲಾಂಡ್ರಿ."

ಹೆಮ್ಮೆಯಿಂದಲೇ ಹೇಳಿದ್ದೆ. ಅವರೂ ಒಳ್ಳೆಯದಾಯಿತು ಎಂದರು.

ಔಷಧಿ ಕಹಿ. ಹಿಸುಕಿದ ಬಾಳೆಹಣ್ಣಿನಲ್ಲಿ ಬೆರೆಸಿ ಬೆರಳ ತುದಿಯಲ್ಲಿ ಕೊಟ್ಟರೆ ಕಾಲರ್ ನನ್ನ ಬೆರಳನ್ನೂ ಸೇರಿಸಿ ನೆಕ್ಕುತ್ತಿತ್ತು, ಜೇಬು ಕದ್ದು ಓಡುತ್ತಿತ್ತು. ಗುಂಡಿ ಎರಡೂ ಕೈಗಳಿಂದ ನನ್ನ ಉಗುರು ಹಿಡಿದು, ದೊಡ್ಡ ಮನಸ್ಸು ಮಾಡಿದವರಂತೆ ತಿನ್ನುತ್ತಿತ್ತು. ರಾತ್ರಿ ಇಸ್ತ್ರಿಪೆಟ್ಟಿಗೆಯನ್ನು ಹಿಂದಿನ ಕೋಣೆಗೇ ತಂದು, ಅದರ ಹಬೆಯ ಹತ್ತಿರ, ಬಿಸಿ ತಾಗದಷ್ಟು ದೂರದಲ್ಲಿ, ಗುಂಡಿಯನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದೆ. ಎರಡು ದಿನ ಹಗುರಾಗುತ್ತಿತ್ತು, ಮೂರನೆಯ ದಿನ ಮತ್ತೆ ಗೊರಗೊರ. ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಹಿಂದಿನ ಕಿಟಕಿಯ ಕೆಳಗೆ ಬೀಡಿ ಸೇದುತ್ತಿದ್ದ ಪಂಕ್ಚರ್ ಅಂಗಡಿಯವನ ಜೊತೆ ಬೀದಿಗೆಲ್ಲ ಕೇಳುವಂತೆ ಜಗಳವಾಡಿದೆ. ಪಾಪ, ಅವನು ತನ್ನ ಸ್ಟೂಲು ಎತ್ತಿಕೊಂಡು ಆ ಬದಿಗೆ ಹೋದ. ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿದೆ. ನೆಲವನ್ನು ಬರೀ ನೀರಿನಲ್ಲಿ ಒರೆಸಿದೆ. ಆದರೂ ಗುಂಡಿಯ ಪಕ್ಕೆಗಳು ಒಳಕ್ಕೆ ಎಳೆದುಕೊಳ್ಳುವುದು ನಿಲ್ಲಲಿಲ್ಲ.

ಇದರ ನಡುವೆ ವಕೀಲರು ಬಂದರು. ನಮ್ಮ ದೊಡ್ಡ ಗಿರಾಕಿ ಅವರು. ತಮ್ಮ ಕಚೇರಿಯ ಎಲ್ಲರ ಕರಿ ಕೋಟುಗಳನ್ನೂ ನಮಗೇ ಹಾಕುತ್ತಾರೆ. ಕೋಟಿನ ಮೇಲೆ ಒಂದು ನೂಲೆಳೆ ಉಳಿದರೂ ಪಾಟೀಸವಾಲು ಶುರು. ಅವತ್ತು ಮೂಗು ಅರಳಿಸಿ, "ಏನೋ ಇಲಿ ವಾಸನೆ ಇದ್ದ ಹಾಗಿದೆಯಲ್ಲ," ಎಂದರು.

"ಪಕ್ಕದಲ್ಲಿ ಗೋದಾಮಿದೆ ಸರ್," ಎಂದಳು ಅಕ್ಕ, ರೆಪ್ಪೆ ಬಡಿಯದೆ.

ಅವರು ಹೋದ ಮೇಲೂ ಅಕ್ಕನ ಮುಖದ ಬಣ್ಣ ಮರಳಲಿಲ್ಲ. "ಇವ್ರು ಕೈಬಿಟ್ರೆ ನಾವು ಬಾಗಿಲು ಮುಚ್ಚಬೇಕು ಕಣೇ. ಆಗ ಇವುಗಳ ಗತಿ ಏನು?" ಎಂದಳು. ನಾನು ಔಷಧಿ ಕಲಸುವ ಗಡಿಬಿಡಿಯಲ್ಲಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆಮೇಲೆ ಅತ್ತಿಗೆಗೆ ಆಪರೇಷನ್ ಆಯಿತೆಂದು ಅಕ್ಕ ಅಣ್ಣನ ಊರಿಗೆ ಹೋದಳು. ಹೊಸ ಬಟ್ಟೆ ತೆಗೆದುಕೊಳ್ಳದೆ, ಇದ್ದದ್ದನ್ನು ಇಸ್ತ್ರಿ ಮಾಡಿ ಕೊಡುತ್ತ ಅಂಗಡಿ ನಡೆಸಿದೆ. ಅವಳ ತೊಟ್ಟಿ ಅವಳದು, ನಾನು ಮುಟ್ಟಲಿಲ್ಲ. ಪಂಜರದ ಚೌಕಗಳನ್ನು ಬಚ್ಚಲಿನ ನಲ್ಲಿಯ ಕೆಳಗೆ ಬಿಸಿನೀರಿನಲ್ಲಿ ಜಾಲಿಸಿ ಒಣಗಿಸುತ್ತಿದ್ದೆ. ಅವಳು ಬರುವ ಹೊತ್ತಿಗೆ ಗುಂಡಿ ಸೀನುವುದನ್ನು ನಿಲ್ಲಿಸಿತ್ತು. ಎದೆಗೆ ಕಿವಿ ಕೊಟ್ಟರೆ ಪುಟ್ಟ ಗುಂಡಿಗೆ ಬಡಿಯುವುದು ಬಿಟ್ಟು ಬೇರೆ ಸದ್ದಿಲ್ಲ. ಮೊಟ್ಟಮೊದಲ ಸಲ ತನ್ನಿಬ್ಬರು ಅಣ್ಣಂದಿರ ಜೊತೆ ಕುಸ್ತಿಗೆ ಬಿತ್ತು, ಜೇಬಿನ ಬಾಯಿಂದಲೇ ಬಾಳೆಹಣ್ಣು ಕಿತ್ತುಕೊಂಡಿತು. ಔಷಧಿ ಹಿಡಿಯಿತು ಎಂದುಕೊಂಡು ನಾನು ಒಬ್ಬಳೇ ಕೂತು ಅತ್ತೆ.

ಅಕ್ಕ ಬಂದವಳು ಚೀಲ ಇಳಿಸುವ ಮೊದಲೇ ಪಂಜರದ ಹತ್ತಿರ ಹೋದಳು. "ನನ್ನ ಗುಂಡಿ, ಎಷ್ಟು ದಪ್ಪಗಾಗಿದ್ದೀಯೇ," ಎಂದು ಎತ್ತಿ ಮುದ್ದಾಡಿದಳು. ಆಮೇಲೆ ಮೂಗು ಮುಚ್ಚಿಕೊಂಡಳು. "ಅಯ್ಯೋ, ಏನೇ ಇದು ಗಬ್ಬುನಾತ. ಬೀದಿಗೆಲ್ಲ ಬರ್ತಿದೆ." ಹಾಸಿದ್ದ ಬಟ್ಟೆಯನ್ನೆಲ್ಲ ಬಾಚಿಕೊಂಡು ತೊಟ್ಟಿಗೆ ಹೋದಳು. ಪ್ರಯಾಣದ ಆಯಾಸದಲ್ಲೂ ಒಗೆದು, ಒಣಗಿಸಿ, ಮೆತ್ತಗೆ ಮೂರು ಪದರ ಹಾಸಿದಳು.

ಮರುದಿನ ಅಂಗಡಿಯ ಬಾಗಿಲು ತೆರೆದು ಕೋಣೆಗೆ ಬಂದಾಗ ಗುಂಡಿ ಮೂಲೆಯಲ್ಲಿ ಮುದುಡಿ ಕೂತಿತ್ತು. ಕುತ್ತಿಗೆ ಮುಂದಕ್ಕೆ ಚಾಚಿ ಬಾಯಿ ತೆರೆದಿತ್ತು. ಇಲಿ ಬಾಯಿಂದ ಉಸಿರಾಡುವುದು ಬೇರೆ ದಾರಿಯೇ ಇಲ್ಲದಾಗ ಎಂದು ಡಾಕ್ಟರಮ್ಮ ಹೇಳಿದ್ದರು. ಬಟ್ಟೆಯ ಸಮೇತ ಎತ್ತಿ ಕಿವಿಗೆ ಹಿಡಿದೆ. ಬಟ್ಟೆ ನನ್ನ ಮುಖಕ್ಕೆ ತಾಗಿತು.

ಘಮಘಮ. ಕಣ್ಣಲ್ಲಿ ನೀರು ಬರುವಷ್ಟು ಪರಿಮಳ.

ವರ್ಷಗಟ್ಟಲೆ ಆ ಪರಿಮಳದೊಳಗೇ ಬದುಕಿದ್ದರಿಂದ ನನ್ನ ಮೂಗಿಗೆ ಅದು ಇದ್ದೂ ಇಲ್ಲದಂತಾಗಿತ್ತು. ಅಕ್ಕ ಇಲ್ಲದ ದಿನಗಳಲ್ಲಿ ತೊಟ್ಟಿ ಒಣಗಿ, ಅಂಗಡಿಯ ಗಾಳಿ ಬದಲಾಗಿ, ಮೂಗಿಗೆ ಮತ್ತೆ ಜೀವ ಬಂದಿತ್ತು. ಗಿರಾಕಿಗಳ ಬಟ್ಟೆಗೆ ಕೊನೆಯ ನೀರಿನಲ್ಲಿ ಒಂದು ಮುಚ್ಚಳದಷ್ಟು ಹಾಕುವ ಪರಿಮಳದ ದ್ರಾವಣ ಅದು. ಇದಕ್ಕೆ ಮುಚ್ಚಳವಲ್ಲ, ಬಾಟಲಿಯನ್ನೇ ಬಗ್ಗಿಸಿದ್ದಳು.

"ಏನು ಹಾಕಿದೆ ಇದಕ್ಕೆ?" ಎಂದು ಕೂಗಿದೆ.

ಅಕ್ಕ ಒದ್ದೆ ಕೈಯಲ್ಲೇ ಓಡಿ ಬಂದಳು. "ಯಾವಾಗಲೂ ಹಾಕೋದೇ ಕಣೇ. ವಕೀಲರು ವಾಸನೆ ಅಂದ ಮೇಲೆ ಸ್ವಲ್ಪ ಜಾಸ್ತಿ ಹಾಕ್ತಿದ್ದೆ. ಯಾಕೆ, ಏನಾಯ್ತು?"

"ಸೆಂಟು ಹತ್ತಿರ ಸುಳೀಬಾರದು ಅಂತ ಡಾಕ್ಟರಮ್ಮ ಬಡ್ಕೊಂಡಿದ್ರು. ನಿಂಗೂ ಹೇಳಿದ್ದೆ."

"ಇದು ಸೆಂಟಲ್ವಲ್ಲೇ. ಬಟ್ಟೆಗೆ ಹಾಕೋದು. ಇದು ಚೊಕ್ಕಟದ ವಾಸನೆ."

ನಾನು ಆಡಿದ ಮಾತುಗಳನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಹೆತ್ತ ಮಗುವಿನ ಮೂಗು ಹಿಡಿದು ಸಾಯಿಸುವವರು ಹೀಗೇ ಮಾಡುತ್ತಾರೆ ಎಂದೆ. ಗಿರಾಕಿಯ ಕೋಟಿಗೆ ಇರುವ ಬೆಲೆ ಈ ಜೀವಕ್ಕಿಲ್ಲವಾ ಎಂದೆ. ಅವಳು ಗೋಡೆಗೆ ಒರಗಿ ನಿಂತಿದ್ದಳು. ಕೈಯಿಂದ ಸಾಬೂನಿನ ನೀರು ಇಳಿಯುತ್ತಿತ್ತು.

"ವಾಸನೆ ಬಂದ್ರೆ ಇವನ್ನ ಓಡಿಸ್ಬೇಕಾಗತ್ತೆ ಅಂತ ಹಾಕ್ದೆ," ಎಂದಳು. "ಇವು ಇಲ್ಲೇ ಇರಲಿ ಅಂತ ಹಾಕ್ದೆ ಕಣೇ."

ಡಾಕ್ಟರಮ್ಮನ ಹತ್ತಿರ ಆಟೋದಲ್ಲಿ ಹೋದೆ. ಗುಂಡಿಯನ್ನು ಆಮ್ಲಜನಕದ ಪೆಟ್ಟಿಗೆಯಲ್ಲಿಟ್ಟರು. ಗಾಜಿಗೆ ಮುಖವಿಟ್ಟು ಕೂತೆ. ಪಕ್ಕೆಗಳು ಒಂದಷ್ಟು ಹೊತ್ತು ಓಡಿದವು, ಆಮೇಲೆ ನಿಧಾನವಾದವು, ಆಮೇಲೆ ನಿಂತವು. ಪರಿಮಳವೊಂದೇ ಕಾರಣವಲ್ಲ, ಹುಟ್ಟಿನಿಂದಲೇ ಶ್ವಾಸಕೋಶ ಹಾಳಾಗಿತ್ತು ಎಂದು ಡಾಕ್ಟರಮ್ಮ ಸಮಾಧಾನ ಹೇಳಿದರು. ಸಮಾಧಾನ ಯಾರಿಗೆ ಬೇಕಿತ್ತು? ನೀರಿನಲ್ಲಿ ಜಾಲಿಸಿದ ಬಟ್ಟೆಯ ಮೇಲೆ ಅದು ಕುಸ್ತಿಯಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ.

ಅಕ್ಕನ ಜೊತೆ ಮಾತು ಬಿಟ್ಟೆ. ಊಟದ ತಟ್ಟೆಯನ್ನು ಅವಳು ಈ ಕಡೆ ತಳ್ಳುತ್ತಿದ್ದಳು, ಉಂಡು ಆ ಕಡೆ ತಳ್ಳುತ್ತಿದ್ದೆ. ಕಾಲರ್, ಜೇಬುಗಳ ಬಟ್ಟೆಯನ್ನು ಅವಳ ಕೈಗೆ ಕೊಡಲಿಲ್ಲ. ಹಗಲೆಲ್ಲ ಇಸ್ತ್ರಿಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕಿ ಕುಕ್ಕಿ ಅದರ ಹಿಡಿ ಸಡಿಲವಾಯಿತು. ಅವಳು ಒಂದು ಮಾತಿಗೂ ಎದುರಾಡದೆ ಇದ್ದದ್ದು ಇನ್ನೂ ಸಿಟ್ಟು ತರಿಸುತ್ತಿತ್ತು. ಜಗಳಕ್ಕಾದರೂ ಬಾರೇ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ವಕೀಲರು ಕೋಟುಗಳ ಗಂಟು ತಂದು ಕಟ್ಟೆಯ ಮೇಲೆ ಹಾಕಿದರು. ಮೂಗು ಅರಳಿಸಿದರು.

"ಈ ಸಲ ವಾಸನೆ ಖಂಡಿತ ಇದೆ. ಇಲಿ ಇದೆಯಾ ನಿಮ್ಮಲ್ಲಿ?"

ಅಕ್ಕ ಗೋದಾಮು ಎನ್ನುತ್ತಾಳೆ ಎಂದು ನಾನು ಹಲ್ಲು ಕಚ್ಚಿ ಕಾದೆ. ಅವಳು ಕೈ ಒರೆಸಿಕೊಂಡು ಹೋಗಿ ಹಿಂದಿನ ಕೋಣೆಯ ಬಾಗಿಲನ್ನು ಪೂರ್ತಿ ತೆರೆದಳು.

"ಇದೆ ಸರ್. ನಾವೇ ಸಾಕಿರೋದು. ಪಂಜರದಲ್ಲಿರ್ತಾವೆ, ಬಟ್ಟೆ ಹತ್ತಿರ ಬರಲ್ಲ," ಎಂದಳು. "ಮೂರಿದ್ವು. ನಿಮಗೆ ವಾಸನೆ ಬರಬಾರದು ಅಂತ ಹಾಸಿಗೆಗೆಲ್ಲ ಪರಿಮಳ ಸುರಿದೆ, ಒಂದು ಉಸಿರು ಕಟ್ಟಿ ಸತ್ತುಹೋಯ್ತು. ಇನ್ನೆರಡಕ್ಕೆ ನಾನು ಆ ಕೆಲಸ ಮಾಡಲ್ಲ. ಕೋಟು ಇಲ್ಲೇ ಕೊಡ್ತೀರೋ ಬೇರೆ ಕಡೆ ಕೊಡ್ತೀರೋ, ನಿಮ್ಮಿಷ್ಟ."

ವಕೀಲರು ಕೋಣೆಯ ಕಡೆ ನೋಡಿದರು, ಅವಳ ಮುಖ ನೋಡಿದರು. ಗಂಟು ಎತ್ತಿಕೊಂಡು ಮೆಟ್ಟಿಲಿಳಿದು ಹೋದರು.

ಅಕ್ಕ ಖಾಲಿ ಕಟ್ಟೆಯನ್ನು ಒಂದು ಸಲ ಒರೆಸಿದಳು. ಆಮೇಲೆ ತಂತಿಯ ಮೇಲಿನಿಂದ ಒಂದು ಚೌಕ ಬಟ್ಟೆ ತೆಗೆದು ನನ್ನ ಮೇಜಿನ ಮೇಲಿಟ್ಟಳು. ಯಾವಾಗ ಒಗೆದಿದ್ದಳೋ ಗೊತ್ತಿಲ್ಲ.

"ಮೂಸಿ ನೋಡೇ," ಎಂದಳು. "ನನ್ನ ಮೂಗನ್ನ ನಾನು ಇನ್ನು ನಂಬಲ್ಲ."

ಬಟ್ಟೆಯಲ್ಲಿ ಮುಖ ಹುದುಗಿಸಿ ಉಸಿರೆಳೆದೆ. ಸಾಬೂನಿಲ್ಲ, ಪರಿಮಳವಿಲ್ಲ, ಬರೀ ಬಿಸಿಲಿಗೆ ಒಣಗಿದ ಹತ್ತಿ. ಕೋಪ ಹೋಗಿರಲಿಲ್ಲ. ಇವತ್ತಿಗೂ ಪೂರ್ತಿ ಹೋಗಿಲ್ಲ.

"ಇನ್ನೊಂದು ಸಲ ನೀರಲ್ಲಿ ತೆಗಿ," ಎಂದೆ ಒರಟಾಗಿ.

ಅವಳು ಅದನ್ನು ತೆಗೆದುಕೊಂಡು ನಲ್ಲಿಯ ಹತ್ತಿರ ಹೋದಳು.