ಗಗನಸವಾರಿಯ ವಾಂತಿ

ವಾಂತಿಯಲ್ಲೂ ಬಗೆಬಗೆ ಇದೆ ಎಂದು ಶೀತಲ್‌ಗೆ ತಿಳಿದದ್ದು ಕೆಲಸಕ್ಕೆ ಸೇರಿದ ಎರಡನೆಯ ವಾರದಲ್ಲಿ. ಮಿರ್ಚಿ ಭಜಿ ತಿಂದವರದು ಮೂಗಿಗೆ ಖಾರ ಹೊಡೆಯುತ್ತಿತ್ತು. ಕಬ್ಬಿನ ಹಾಲು ಕುಡಿದವರದು ಅಂಟಂಟಾಗಿ ಕುರ್ಚಿಯ ಸಂದಿಗೆ ಇಳಿದು ಅಲ್ಲೇ ಹುಳಿತು ನಾರುತ್ತಿತ್ತು. ಎಲ್ಲಕ್ಕಿಂತ ಹೇಸಿಗೆಯೆಂದರೆ ಐಸ್‌ಕ್ರೀಮಿನದು. ನೋಡಲು ಬೆಳ್ಳಗೆ, ಮುಟ್ಟಿದರೆ ಇನ್ನೂ ಬೆಚ್ಚಗೆ. ಅದನ್ನು ಒರೆಸಿದ ದಿನ ಅವಳು ಕೈಯನ್ನು ಆರು ಸಲ ಸೋಪು ಹಚ್ಚಿ ತೊಳೆದರೂ ಬುತ್ತಿಯ ರೊಟ್ಟಿ ಮುರಿಯಲು ಆಗಲಿಲ್ಲ.

ಅವಳೇನೂ ಈ ಕೆಲಸಕ್ಕೆಂದು ಬಂದವಳಲ್ಲ. ಹುಕ್ಕೇರಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದವಳು. ಗೋಕಾಕ ಫಾಲ್ಸ್ ಈಚೆ ಹೊಸದಾಗಿ ತೆರೆದ ಪಾರ್ಕಿನಲ್ಲಿ ಯಂತ್ರ ನಡೆಸುವವರು ಬೇಕಾಗಿದ್ದಾರೆ ಎಂದು ಕೇಳಿ ಅರ್ಜಿ ಹಾಕಿದ್ದಳು. ಪಾರ್ಕು ಮೂಡಲಗಿಯ ಬೆಲ್ಲದ ವ್ಯಾಪಾರಿ ದುಂಡಪ್ಪ ಸಾವುಕಾರರದು. ಜಾರುಬಂಡಿ, ದೋಣಿ, ತಿರುಗುವ ತೊಟ್ಟಿಲುಗಳಿದ್ದರೂ ಮಂದಿ ಮುಗಿಬೀಳುತ್ತಿದ್ದದ್ದು 'ಗಗನಸವಾರಿ'ಗೆ. ಅದೊಂದು ಕತ್ತಲೆ ಕೋಣೆ. ಗೋಡೆಯಗಲದ ಪರದೆಯೆದುರು ಒಂದೇ ಕಬ್ಬಿಣದ ಹಾಸಿನ ಮೇಲೆ ಮೂರು ಸಾಲಿನಲ್ಲಿ ಹನ್ನೆರಡು ಕುರ್ಚಿ. ಪರದೆಯಲ್ಲಿ ಬಂಡಿ ಕಣಿವೆಗೆ ಧುಮುಕಿದರೆ ಕುರ್ಚಿಗಳು ಮುಂದಕ್ಕೆ ವಾಲುತ್ತವೆ, ಬಂಡಿ ಹೊರಳಿದರೆ ಇವೂ ಹೊರಳುತ್ತವೆ. ಆರು ನಿಮಿಷದ ಆಟ. ಬಾಗಿಲು ತೆರೆದಾಗ ನಾಲ್ವರು ನಗುತ್ತ ಬಂದರೆ ಒಬ್ಬರು ಬಾಯಿ ಮುಚ್ಚಿಕೊಂಡು ಓಡಿ ಬರುತ್ತಿದ್ದರು. ಓಡಲಾಗದವರು ಕುಳಿತಲ್ಲೇ ಕಾರಿಕೊಳ್ಳುತ್ತಿದ್ದರು.

ಯಂತ್ರಕ್ಕೆ ಇಬ್ಬರು ನಿಯೋಜಿತರಾಗಿದ್ದರು. ಶೀತಲ್ ಮತ್ತು ಶುಭಮ್. ಶುಭಮ್ ಪಿಯುಸಿ ಅರ್ಧಕ್ಕೆ ಬಿಟ್ಟವನು, ಸಾವುಕಾರರ ಪರಿಚಯದವರ ಮಗ. ಮೊದಲ ಸಲ ಒಬ್ಬರು ವಾಂತಿ ಮಾಡಿಕೊಂಡಾಗ ದುಂಡಪ್ಪ ಅಲ್ಲೇ ನಿಂತಿದ್ದರು. ಬಕೆಟ್ಟನ್ನು ಅವರು ಶುಭಮ್‌ನ ಮುಂದಿನಿಂದ ದಾಟಿಸಿ ಶೀತಲ್‌ಳ ಕೈಗೆ ಕೊಟ್ಟರು. ಸಿಟ್ಟಿನಿಂದಲ್ಲ, ಯೋಚನೆ ಮಾಡಿಯೂ ಅಲ್ಲ. ನೀರಿನ ತಂಬಿಗೆಯನ್ನು ಪಕ್ಕದವರಿಗೆ ಸರಿಸುವಷ್ಟು ಸಹಜವಾಗಿ.

"ನೀನಽ ಮಾಡವಾ, ನಿಮಗ ರೂಢಿ ಇರತೈತಿ," ಎಂದರು.

ಅವಳು ಯಾವ ರೂಢಿ ಎಂದು ಕೇಳಲಿಲ್ಲ. ಕೇಳುವಷ್ಟರಲ್ಲಿ ಹೊರಗೆ ಸಾಲು ಬೆಳೆದಿತ್ತು, ಒಳಗೆ ವಾಸನೆ ಬೆಳೆಯುತ್ತಿತ್ತು. ಉಸಿರು ಹಿಡಿದು ಒರೆಸಿದಳು. ಆ ದಿನದಿಂದ ಅದು ಅವಳ ಕೆಲಸವಾಗಿ ಹೋಯಿತು. ಶುಭಮ್ ಗುಂಡಿ ಒತ್ತಲು ಕಲಿತ, ಅವಳು ಕುರ್ಚಿಯ ಸಂದಿಗೆ ಹಳೆಯ ಟೂತ್‌ಬ್ರಶ್ ಹಾಕಿ ತಿಕ್ಕಲು ಕಲಿತಳು. ಭಾನುವಾರಗಳಂದು ಹತ್ತು, ಹನ್ನೊಂದು ಸಲ. ಸಾವುಕಾರರು ಮಲ್ಲಿಗೆ ವಾಸನೆಯ ಸ್ಪ್ರೇ ತಂದುಕೊಟ್ಟರು. ವಾಂತಿಯ ಜೊತೆ ಮಲ್ಲಿಗೆ ಸೇರಿದ ಮೇಲೆ ಅವಳಿಗೆ ಹೂ ಮುಡಿಯುವುದೂ ಬೇಡವಾಯಿತು.

ತುಕ್ಕಾನಟ್ಟಿಯ ಮನೆಯಲ್ಲಿ ತಾಯಿ ಸತ್ತೆವ್ವ ಇದನ್ನು ಬಟ್ಟೆಯ ವಾಸನೆಯಿಂದಲೇ ಕಂಡುಹಿಡಿದಳು. ಅರಿಷಿಣದ ಹೊಲದಲ್ಲಿ ದುಡಿದು ಮಗಳನ್ನು ಓದಿಸಿದವಳು ಅವಳು. ಚೂಡಿದಾರವನ್ನು ಮೂಗಿನ ಹತ್ತಿರ ಹಿಡಿದು, ಏನಿದು ಎಂದು ಕೇಳಿದಳು. ಶೀತಲ್ ಸುಳ್ಳು ಹೇಳಲಿಲ್ಲ. ಗೋಡೆಯ ಮೇಲೆ ಬುದ್ಧನ ಚಿತ್ರ, ಬಾಬಾಸಾಹೇಬರ ಚಿತ್ರ. ಅವುಗಳ ಕೆಳಗೆ ಕುಳಿತು ಸತ್ತೆವ್ವ ಒಂದೇ ಮಾತು ಹೇಳಿದಳು.

"ನಿಮ್ಮ ಮುತ್ಯಾ ಸತ್ತ ದನಾ ಎಳಿಯೂದು ಬಿಟ್ಟಾಗ ಊರ ಮಂದಿ ನಮಗ ಭಾಂವಿ ಬಂದ್ ಮಾಡಿದ್ರು. ಆದ್ರೂ ಆಂವ ತಿರಿಗಿ ಹಗ್ಗಾ ಹಿಡೀಲಿಲ್ಲ."

ಶೀತಲ್ ರಾತ್ರಿಯೂಟ ಬಿಟ್ಟಳು. ಆದರೆ ಕೆಲಸ ಬಿಡಲು ಮನಸ್ಸು ಒಪ್ಪಲಿಲ್ಲ. ಯಂತ್ರ ಅವಳಿಗೆ ಇಷ್ಟವಾಗಿತ್ತು. ಅಲ್ಲದೆ ಒಂದು ಅನುಮಾನ ತಲೆಯಲ್ಲಿ ಕುಳಿತಿತ್ತು. ಬಾಗಿಲ ಸಂದಿಯಿಂದ ನೋಡುವಾಗಲೆಲ್ಲ, ಬಂಡಿ ಮೊದಲು ಬೀಳುತ್ತದೆ, ಕುರ್ಚಿ ಆಮೇಲೆ ಬೀಳುತ್ತದೆ ಎನಿಸುತ್ತಿತ್ತು. ಕಣ್ಣು ಒಂದು ಹೇಳಿ ಮೈ ಇನ್ನೊಂದು ಹೇಳಿದರೆ ಹೊಟ್ಟೆ ಏನು ಮಾಡೀತು? ಯಂತ್ರ ಮಾರಿದ ಕಂಪನಿಯವನಿಗೆ ಫೋನ್ ಮಾಡಿ ಕೇಳಿದಳು. ಇಂಥ ಸವಾರಿಯಲ್ಲಿ ಮಂದಿ ವಾಂತಿ ಮಾಡಿಯೇ ಮಾಡುತ್ತಾರೆ, ಅದೇ ಮಜಾ, ಎಂದು ಅವನು ನಕ್ಕು ಫೋನ್ ಇಟ್ಟುಬಿಟ್ಟ.

ಮರುದಿನ ಅವಳು ಮೊದಲ ಬಸ್ಸಿಗೆ ಹೊರಟು, ಪಾರ್ಕು ತೆರೆಯುವ ಎರಡು ತಾಸು ಮೊದಲೇ ಬಂದಳು. ಪರದೆಯೂ ಮುಂದಿನ ಕುರ್ಚಿಯ ಕೈಯೂ ಒಟ್ಟಿಗೆ ಕಾಣುವಂತೆ ಮೊಬೈಲನ್ನು ನಿಲ್ಲಿಸಿ, ನಿಧಾನಗತಿಯ ವಿಡಿಯೋ ತೆಗೆದಳು. ಅನುಮಾನ ನಿಜವಾಗಿತ್ತು. ಬಂಡಿ ಕಣಿವೆಗೆ ಇಳಿದ ಮೇಲೆ, ಸೆಕೆಂಡಿನ ಮೂರರಲ್ಲಿ ಒಂದು ಪಾಲು ತಡೆದು ಕುರ್ಚಿ ವಾಲುತ್ತಿತ್ತು. ಯಂತ್ರ ನಡೆಸುವ ಕಂಪ್ಯೂಟರಿನಲ್ಲಿ ಹುಡುಕಿದರೆ ಅದಕ್ಕೊಂದು ಸಂಖ್ಯೆಯೇ ಇತ್ತು. ಮುನ್ನೂರೈವತ್ತು ಮಿಲಿಸೆಕೆಂಡು. ಯಾರೋ ಯಂತ್ರ ಕೂರಿಸುವಾಗ ಹಾಕಿ ಮರೆತಿದ್ದರು.

ಸಂಖ್ಯೆ ಎಷ್ಟಕ್ಕೆ ಇಳಿಸಿದರೆ ಸರಿ ಎಂಬುದಕ್ಕೆ ವಿಡಿಯೋ ಅರ್ಧ ಉತ್ತರ ಕೊಟ್ಟೀತು. ಉಳಿದ ಅರ್ಧವನ್ನು ಹೊಟ್ಟೆಯೇ ಹೇಳಬೇಕಿತ್ತು. ಅಲ್ಲಿದ್ದದ್ದು ಅವಳದೊಂದೇ ಹೊಟ್ಟೆ. ಸಣ್ಣವಳಿದ್ದಾಗಿಂದ ಬಸ್ಸಿನ ಕಿಟಕಿ ಬಿಟ್ಟು ಕೂರಲಾಗದ ಹೊಟ್ಟೆ ಅದು. ಮೊದಲ ದಿನ ಹಿಂದಿನ ಸಾಲಿನಲ್ಲಿ ಕುಳಿತಳು. ಎರಡನೆಯ ನಿಮಿಷಕ್ಕೆ ಬಾಯಲ್ಲಿ ನೀರು ಊರಿತು, ಹಣೆಯ ಮೇಲೆ ತಣ್ಣನೆ ಬೆವರು ಒಡೆಯಿತು, ಮೂರನೆಯ ನಿಮಿಷಕ್ಕೆ ಬೆಳಗಿನ ಚಹಾ, ಅವಲಕ್ಕಿ ದುಪಟ್ಟಾದೊಳಗೆ ಬಂದವು. ಕತ್ತಲಲ್ಲಿ ಒಬ್ಬಳೇ ಕುಳಿತು ತನ್ನದೇ ವಾಸನೆ ಕುಡಿಯುವಾಗ ಅವಳಿಗೆ ತನ್ನ ಮೈಯೇ ಅಸಹ್ಯವೆನಿಸಿತು. ದುಪಟ್ಟಾ ಹಿಂಡಿ ತೊಳೆದು ಬೇಲಿಗೆ ಹಾಕಿದಳು. ಮತ್ತೆ ಬಂದು ಕುಳಿತಳು.

ಹೀಗೆ ಎಂಟು ದಿನ. ಮುನ್ನೂರು, ಇನ್ನೂರೈವತ್ತು, ಇನ್ನೂರು. ಕುಳಿತಷ್ಟೂ ಕಲಿತಳು. ಹೊಟ್ಟೆ ಪೂರಾ ಖಾಲಿಯಿದ್ದರೂ ಕಷ್ಟ, ತುಂಬಿದ್ದರಂತೂ ಇನ್ನೂ ಕಷ್ಟ. ಎರಡು ಬಿಸ್ಕೀಟು ತಿಂದರೆ ಹಿತ. ನಡುವಿನ ಸಾಲು ಕಡಿಮೆ ಓಲಾಡುತ್ತದೆ. ತಲೆಯನ್ನು ಕುರ್ಚಿಗೆ ಒತ್ತಿ ಹಿಡಿದು ಬಂಡಿ ಹೋಗುವ ದಾರಿಯನ್ನೇ ದೂರಕ್ಕೆ ನೋಡಬೇಕು, ಪಕ್ಕದಲ್ಲಿ ಸರಿಯುವ ಬಂಡೆಗಳನ್ನಲ್ಲ. ತೊಳಸಲು ಶುರುವಾದರೆ ಕಣ್ಣು ಮುಚ್ಚಿ ನಿಧಾನ ಉಸಿರಾಡಬೇಕು. ಹಸಿ ಶುಂಠಿಯ ಚೂರು ಬಾಯಲ್ಲಿದ್ದರೆ ಸ್ವಲ್ಪ ತಡೆಯುತ್ತದೆ. ವಾಂತಿ ಬಂದ ಮೇಲೆ ಯಾವುದೂ ತಡೆಯುವುದಿಲ್ಲ. ಎಂಟನೆಯ ಬೆಳಿಗ್ಗೆ ಸಂಖ್ಯೆ ಮೂವತ್ತಕ್ಕೆ ಬಂದಾಗ ಬಂಡಿಯೂ ಕುರ್ಚಿಯೂ ಒಟ್ಟಿಗೆ ಬಿದ್ದವು, ಒಟ್ಟಿಗೆ ಎದ್ದವು. ಆರು ನಿಮಿಷ ಮುಗಿದಾಗ ಅವಳ ಬಾಯಿ ಒಣಗಿತ್ತು, ಅಷ್ಟೇ.

ಆ ಭಾನುವಾರ ಮಂದಿ ಎಂದಿನಷ್ಟೇ ಬಂದರು. ಪ್ರತಿ ಆಟಕ್ಕೂ ಮೊದಲು ಶೀತಲ್ ಮೈಕಿನಲ್ಲಿ, ಹೇಗೆ ಕೂರಬೇಕು, ಎಲ್ಲಿ ನೋಡಬೇಕು, ಯಾವಾಗ ಕಣ್ಣು ಮುಚ್ಚಬೇಕು ಎಂದು ಹೇಳಿದಳು. ಸಂಜೆಯವರೆಗೆ ಇಬ್ಬರೇ ವಾಂತಿ ಮಾಡಿಕೊಂಡರು. ಮೊದಲಿನವರದನ್ನು ಅವಳೇ ಒರೆಸಿದಳು. ಎರಡನೆಯ ಸಲ ದುಂಡಪ್ಪ ಬಾಗಿಲಲ್ಲಿ ನಿಂತು ಕರೆದಾಗ ಅವಳು ಯಂತ್ರದ ಮೇಜು ಬಿಟ್ಟು ಏಳಲಿಲ್ಲ. ತಾನು ಯಂತ್ರ ಸರಿ ಮಾಡಿದ್ದನ್ನು ಹೇಳಿದಳು, ವಿಡಿಯೋ ತೋರಿಸಿದಳು. ಅವರು ಹೌದೇನು, ಚಲೋ ಆತು, ಎಂದು ತಲೆಯಾಡಿಸಿ ಬಕೆಟ್ಟಿನ ಕಡೆ ಕೈ ಮಾಡಿದರು.

"ನಾ ಮಶೀನ್ ನಡಸಾಕ ಬಂದಾಕಿ ಸಾವ್ಕಾರ್ರ."

ದುಂಡಪ್ಪನವರಿಗೆ ಆಶ್ಚರ್ಯವಾಯಿತು. ಮೆತ್ತಗೆ ಬುದ್ಧಿ ಹೇಳಿದರು. ಶರಣರು ಯಾವ ಕಾಯಕವನ್ನೂ ಕೀಳೆನ್ನಲಿಲ್ಲ, ಓದಿದ ಹುಡುಗಿಗೆ ಇಷ್ಟು ಗೊತ್ತಿರಬೇಕು ಎಂದರು. ಅವರು ಅದನ್ನು ಮನಸ್ಸಿನಿಂದಲೇ ಹೇಳಿದರು. ಶೀತಲ್ ಕುಳಿತಲ್ಲಿಂದಲೇ ಅವರ ಮುಖ ನೋಡಿ ಹೇಳಿದಳು.

"ಖರೇನಽ ಐತ್ರಿ. ಹಂಗಾದ್ರ ಈ ಕಾಯಕದಾಗ ಶುಭಮ್‌ಗೂ ಪಾಲು ಕೊಡ್ರಿ. ನೀವೂ ತಗೋರಿ."

ಶುಭಮ್ ಮೊಬೈಲಿನಿಂದ ತಲೆಯೆತ್ತಿ ನೋಡಿ ಮತ್ತೆ ತಗ್ಗಿಸಿದ. ದುಂಡಪ್ಪ ಬಕೆಟ್ಟನ್ನು ಅಲ್ಲೇ ಬಿಟ್ಟು ಹೊರಟುಹೋದರು. ಆ ಕುರ್ಚಿಯನ್ನು ಯಾರೂ ಒರೆಸಲಿಲ್ಲ. ಅದಕ್ಕೊಂದು ಹಗ್ಗ ಕಟ್ಟಿ ಹನ್ನೊಂದು ಕುರ್ಚಿಯಲ್ಲೇ ಆಟ ನಡೆಯಿತು, ವಾಸನೆಯೊಂದಿಗೆ.

ಮರುದಿನ ಬೆಳಿಗ್ಗೆ ಶೀತಲ್ ಬಂದಾಗ ಕುರ್ಚಿ ಸ್ವಚ್ಛವಾಗಿತ್ತು. ಬಕೆಟ್ಟಿನ ಮುಂದೆ ನೆಲದ ಮೇಲೆ ಕಾಲು ಚಾಚಿ ಕುಳಿತು ಅರಿವೆ ಹಿಂಡುತ್ತಿದ್ದವಳು ರಾಯವ್ವ. ತುಕ್ಕಾನಟ್ಟಿಯಲ್ಲಿ ಶೀತಲ್‌ಳ ಓಣಿಯವಳೇ, ಎರಡು ಮನೆ ಆಚೆ. ಐವತ್ತು ದಾಟಿದ ವಿಧವೆ. ಕೈಗೆ ಗ್ಲೌಸಿಲ್ಲ. ಒಣಗಿದ್ದನ್ನು ಉಗುರಿನಿಂದಲೇ ಕೆರೆದು ತೆಗೆದಿದ್ದಳು. ಉಗುರಿನ ತುದಿಯಲ್ಲಿ ಇನ್ನೂ ಹಳದಿ ಇತ್ತು.

ಶೀತಲ್ ಬಾಗಿಲಲ್ಲೇ ನಿಂತಳು. ತಾನು ಒಲ್ಲೆ ಎಂದದ್ದು ತನ್ನ ಓಣಿಯೊಳಗೇ ಎರಡು ಮನೆ ದಾಟಿ ನಿಂತಿತ್ತು. ಸಾವುಕಾರರಿಗೆ ಇಡೀ ಮೂಡಲಗಿ, ಗೋಕಾಕದಲ್ಲಿ ಬೇರೆ ಯಾರೂ ಹೊಳೆದಿರಲಿಲ್ಲ. ಬಿಟ್ಟು ಬಾ ಚಿಗವ್ವ, ಇದು ನಮಗೆ ಬೇಡ, ಎಂದು ಅವಳ ತೋಳು ಹಿಡಿದಳು. ರಾಯವ್ವ ತೋಳು ಬಿಡಿಸಿಕೊಂಡಳು.

"ನೀ ಸಾಲಿ ಕಲ್ತಾಕಿ, ಒಲ್ಲೆ ಅಂದಿ. ನನ್ನ ಮಣಕಾಲು ಕಬ್ಬು ಕಡಿಯೂ ಗ್ಯಾಂಗಿಗೆ ಹೋಗಾಕ ಬಿಡವಲ್ವು. ಇದನ್ನೂ ಬಿಡಿಸಿ ನನಗೇನ್ ಕೊಡತಿ?"

ಆ ದಿನವೆಲ್ಲ ಶೀತಲ್ ರಾಯವ್ವ ಒರೆಸುವುದನ್ನು ನೋಡದಂತೆ ಕುಳಿತಳು. ಕಿವಿಗೆ ಮಾತ್ರ ಅರಿವೆ ಹಿಂಡುವ ಸಪ್ಪಳ ಕೇಳುತ್ತಿತ್ತು. ಸಂಜೆ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸೊಬ್ಬಳು ಮಗುವಿನ ಬಾಯಿಗೆ ಪ್ಲಾಸ್ಟಿಕ್ ಚೀಲ ಹಿಡಿದಳು. ವಾಂತಿಯಾದ ಮೇಲೆ ಚೀಲದ ಬಾಯಿ ಗಂಟು ಹಾಕಿ ತನ್ನ ಕಾಲ ಬಳಿ ಇಟ್ಟುಕೊಂಡಳು. ಇಳಿಯುವಾಗ ತಾನೇ ಒಯ್ದಳು. ಅದನ್ನು ಕಂಡಕ್ಟರನ ಕೈಗೆ ಕೊಡಬೇಕೆಂದು ಆ ಹೆಂಗಸಿಗೆ ಹೊಳೆಯಲೂ ಇಲ್ಲ.

ಎರಡು ದಿನ ಬಿಟ್ಟು ಶೀತಲ್ ಗೋಕಾಕದ ಪೇಟೆಯಿಂದ ಒಳಗೆ ಪ್ಲಾಸ್ಟಿಕ್ ಹಚ್ಚಿದ ದಪ್ಪ ಕಾಗದದ ಚೀಲಗಳ ಕಟ್ಟು ತಂದಳು, ರಾಯವ್ವನಿಗೆ ರಬ್ಬರ್ ಗ್ಲೌಸು ತಂದಳು. ಬಾಗಿಲ ಹೊರಗೆ ಮುಚ್ಚಳವಿದ್ದ ಡ್ರಮ್ಮು ಇಡಿಸಿದಳು. ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದಳು: ವಾಂತಿ ಬಂದರೆ ಚೀಲದಲ್ಲಿ ಮಾಡಿ, ನಿಮ್ಮ ಚೀಲ ನೀವೇ ಡ್ರಮ್ಮಿಗೆ ಹಾಕಿ. ಕುರ್ಚಿ ಹೊಲಸಾಗದಿದ್ದರೆ ಆಟ ನಿಲ್ಲುವುದಿಲ್ಲ ಎಂದಾಗ ದುಂಡಪ್ಪ ಒಪ್ಪಿದರು. ಚೀಲ ಹಂಚುವ ಕೆಲಸ ರಾಯವ್ವನಿಗೆ ಬಂತು. ಹೆಚ್ಚಿನವರು ಹೇಳಿದಂತೆ ಕೇಳಿದರು. ನಾಚಿಕೆಪಟ್ಟುಕೊಂಡು ಒಯ್ದು ಹಾಕಿದರು.

ಅಮಾವಾಸ್ಯೆಯ ಮರುದಿನ ಹುಕ್ಕೇರಿಯಿಂದ ಒಂದು ಮನೆತನದವರು ಎರಡು ಗಾಡಿ ಮಾಡಿಕೊಂಡು ಬಂದರು. ಹಿರಿಯನು ಇಸ್ತ್ರಿ ಮಾಡಿದ ಬಿಳಿ ಅಂಗಿಯವನು, ದುಂಡಪ್ಪನವರಿಂದ ವರ್ಷವೂ ಬೆಲ್ಲ ಒಯ್ಯುವ ಗಿರಾಕಿ. ಮೈಕಿನ ಮಾತಿಗೆ ನಕ್ಕು ಹಿಂದಿನ ಸಾಲಿನಲ್ಲಿ ಕುಳಿತ. ಆಟ ಮುಗಿದು ದೀಪ ಹತ್ತಿದಾಗ ಅವನ ಮುಖ ಬಿಳಿಚಿಕೊಂಡಿತ್ತು, ಚೀಲ ತುಂಬಿತ್ತು. ಚೀಲವನ್ನು ಕುರ್ಚಿಯ ಮೇಲೆ ಇಟ್ಟು, ಮೀಸೆ ಒರೆಸಿಕೊಂಡು ಹೊರಟ.

ಚೀಲ ಉಳಿದಿದೆ ಎಂದು ಶೀತಲ್ ನೆನಪು ಮಾಡಿದಳು. ತೆಗೆಯಲು ಮಂದಿ ಇಲ್ಲವೇನು ಎಂದು ಅವನು ರಾಯವ್ವನ ಕಡೆ ನೋಡಿದ. ರಾಯವ್ವ ಆಗಲೇ ಎದ್ದಿದ್ದಳು. ಶೀತಲ್ ಅವಳ ಹೆಗಲ ಮೇಲೆ ಕೈಯಿಟ್ಟು ಕೂರಿಸಿದಳು. ಅವನ ಹೆಂಡತಿ ಚೀಲ ಎತ್ತಿಕೊಳ್ಳಲು ಹೋದಳು.

"ಬಿಡ್ರಿ ಅವ್ವಾರ. ಅವರದು ಅವರಽ ತರಲಿ," ಎಂದಳು ಶೀತಲ್.

ಯಂತ್ರದ ಗುಂಡಿಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಹೊರಗಿನ ಸಾಲು ಒಳಗೆ ಇಣುಕತೊಡಗಿತು. ಸುದ್ದಿ ಮುಟ್ಟಿ ದುಂಡಪ್ಪ ಬಂದರು. ಗಿರಾಕಿಯನ್ನು ನೋಡಿದರು, ಕುರ್ಚಿಯ ಮೇಲಿನ ಚೀಲವನ್ನು ನೋಡಿದರು. ಅದರ ಬಾಯಿಂದ ಸುರಿದದ್ದಕ್ಕೆ ಹೊರಗಿನ ಕಾಗದ ನೆನೆದು ಬಣ್ಣ ತಿರುಗುತ್ತಿತ್ತು, ವಾಸನೆ ಬಾಗಿಲವರೆಗೆ ಬಂದಿತ್ತು. ಅವರು ಕರವಸ್ತ್ರ ಮೂಗಿಗೆ ಹಿಡಿದು ಶುಭಮ್‌ಗೆ ಸನ್ನೆ ಮಾಡಿದರು.

"ನನ್ನ ಕಡಿಂದ ಆಗಂಗಿಲ್ರಿ ಕಾಕಾ, ನನಗ ಹೇಸಿಕಿ ಬರತೈತಿ," ಎಂದ ಶುಭಮ್.

ಎಲ್ಲರೂ ಕೇಳಿಸಿಕೊಂಡರು. ರಾಯವ್ವ ಅವನನ್ನೇ ನೋಡಿದಳು, ಹೊಸದೇನನ್ನೋ ಕೇಳಿದವಳಂತೆ. ದುಂಡಪ್ಪನವರ ಮುಖ ಕೆಂಪಾಯಿತು. ಕಡೆಗೆ, ನಿಯಮ ಎಲ್ಲರಿಗೂ ಒಂದೇ, ದಯವಿಟ್ಟು ಒಯ್ದುಬಿಡ್ರಿ, ಎಂದು ಗಿರಾಕಿಗೆ ಹೇಳಿದರು. ಅವನು ಹಲ್ಲು ಕಚ್ಚಿಕೊಂಡು ಹಿಂದಿನ ಸಾಲಿಗೆ ಹೋದ. ಚೀಲದ ಕೊರಳನ್ನು ಎರಡು ಬೆರಳಲ್ಲಿ ಹಿಡಿದು, ಮುಖ ತಿರುಗಿಸಿಕೊಂಡು, ಸಾಲಿನ ಮುಂದೆಯೇ ನಡೆದ. ಎರಡು ಹನಿ ಬಿಳಿ ಅಂಗಿಯ ತೋಳಿಗೆ ಬಿದ್ದವು. ಡ್ರಮ್ಮಿನ ಬಳಿ ಒಮ್ಮೆ ಓಕರಿಸಿದ. ಯಾರೂ ನಗಲಿಲ್ಲ.

ಆ ಗಿರಾಕಿ ಮತ್ತೆ ಪಾರ್ಕಿಗೆ ಬರಲಿಲ್ಲ. ದುಂಡಪ್ಪ ಒಂದು ವಾರ ಶೀತಲ್ ಜೊತೆ ಮಾತಾಡಲಿಲ್ಲ. ಆದರೆ ಗೋಡೆಯ ಕಾಗದವನ್ನು ಕೀಳಲಿಲ್ಲ. ಶುಭಮ್ ತಿಂಗಳೊಳಗೆ ದೋಣಿಯ ಕಡೆ ಬದಲಿ ಕೇಳಿಕೊಂಡು ಹೋದ. ಅವನ ಜಾಗದಲ್ಲಿ ಗುಂಡಿ ಒತ್ತುವುದನ್ನು ಶೀತಲ್ ರಾಯವ್ವನಿಗೆ ಕಲಿಸತೊಡಗಿದಳು. ಸಾವುಕಾರರು ನೋಡಿಯೂ ನೋಡದಂತೆ ಹೋಗುತ್ತಿದ್ದರು. ಹಸಿರು ಗುಂಡಿ ಶುರುವಿಗೆ, ಕೆಂಪು ನಿಲ್ಲಿಸಲಿಕ್ಕೆ. ರಾಯವ್ವ ಮೊದಲು ಕೆಂಪನ್ನೇ ಕಲಿತಳು. ಯಾರದಾದರೂ ಮುಖ ಬಿಳಿಚಿದರೆ ಸಾಕು, ಆಟ ಅರ್ಧಕ್ಕೆ ನಿಲ್ಲಿಸಿಬಿಡುತ್ತಿದ್ದಳು.